ಹಿಮ ಎಳೆದ ಗೆರೆ

1934ರ ಚಳಿಗಾಲದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನಲ್ಲಿ ಎರಡು ವರ್ಷದ ಮಗುವೊಂದು ಹೊಟ್ಟೆಯೊಳಗಿನ ಸೋಂಕು ಉಲ್ಬಣಿಸಿ ತೀರಿಕೊಂಡಿತು. ರಸ್ತೆಗಳೆಲ್ಲ ಹಿಮದಡಿ ಹೂತಿದ್ದವು, ಆಸ್ಪತ್ರೆ ದೂರವಿತ್ತು. ತಂದೆ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೆ ಮೆಕ್ಯಾನಿಕ್. ಹಿಮದ ಮೇಲೆ ಓಡುವ ಬಂಡಿಗಾಗಿ ಹದಿಹರೆಯದಿಂದಲೂ ತಿಣುಕುತ್ತಿದ್ದವರು. ಮರುವರ್ಷ ಅವರಿಗೆ ದಾರಿ ಹೊಳೆಯಿತು: ರಬ್ಬರ್ ಹೊದಿಸಿದ ಹಲ್ಲುಚಕ್ರ, ಅದು ಎಳೆಯುವ ರಬ್ಬರ್ ಪಟ್ಟಿಯ ಟ್ರ್ಯಾಕ್. 1937ರಲ್ಲಿ ಪೇಟೆಂಟ್ ಸಿಕ್ಕಿತು.

ಪ್ರಕೃತಿ ಎಳೆದ ಗೆರೆಯನ್ನು ದಾಟಬಾರದು ಎಂಬ ಉಪದೇಶ ಆ ಮನೆಯ ತೊಟ್ಟಿಲ ಮುಂದೆ ನಿಲ್ಲಲಾರದು. ಹಾಗಾದರೆ ಎಲ್ಲ ಗೆರೆಗಳನ್ನೂ ಅಳಿಸಬಹುದೇ?

ಇಂದಿನ ಹಿಮಬಂಡಿ, ಅಂದರೆ ಸ್ನೋಮೊಬೈಲ್ ಸವಾರರು ಈ ಪ್ರಶ್ನೆಯನ್ನು ವರ್ಕ್‌ಶಾಪಿನಲ್ಲೇ ಎದುರಿಸುತ್ತಾರೆ. ಟ್ರ್ಯಾಕಿನ ಮೈಮೇಲಿನ ರಬ್ಬರ್ ಹಲ್ಲುಗಳು, ಅಂದರೆ ಲಗ್‌ಗಳು, ಸಾಮಾನ್ಯ ಹಾದಿಗೆ ಒಂದು, ಒಂದೂಕಾಲು ಇಂಚು ಎತ್ತರವಿದ್ದರೆ ಸಾಕು; ಬೆಟ್ಟದ ಪುಡಿಹಿಮಕ್ಕೆ ಎರಡೂವರೆ, ಮೂರು ಇಂಚು ಬೇಕು. ಟ್ರ್ಯಾಕ್ ಉದ್ದವಾದಷ್ಟೂ ಭಾರ ಹಂಚಿಹೋಗಿ ಗಾಡಿ ಹಿಮದ ಮೇಲೆ ತೇಲುತ್ತದೆ. ಆದರೆ ಎತ್ತರದ ಲಗ್ ಬರೀ ತಳ್ಳುವುದಿಲ್ಲ, ಗುದ್ದಲಿಯಂತೆ ಅಗೆಯುತ್ತದೆ. ಆತುರದಲ್ಲಿ ಥ್ರಾಟಲ್ ಒತ್ತಿದವನ ಗಾಡಿ ತಾನೇ ತೋಡಿದ ಗುಂಡಿಗೆ ಇಳಿಯುತ್ತದೆ. ಅದನ್ನು ತಪ್ಪಿಸಲು ಕೆಲವರು ಲಗ್‌ಗಳನ್ನು ಕತ್ತರಿಸಿ ಗಿಡ್ಡ ಮಾಡುತ್ತಾರೆ. ಮಂಜುಗಡ್ಡೆಯ ಮೇಲೆ ಓಡಿಸುವವರು ಕಾರ್ಬೈಡ್ ಮೊಳೆ ಕೂರಿಸುತ್ತಾರೆ. ಮೊಳೆಗಾಗಿ ಕೊರೆದಷ್ಟೂ ಪಟ್ಟಿ ಬಡವಾಗುತ್ತದೆ. ಹಿಡಿತ ಹೆಚ್ಚಿಸುವ ಒಂದೊಂದು ಉಪಾಯಕ್ಕೂ ರಬ್ಬರ್ ತನ್ನ ಬೆಲೆ ಕೇಳುತ್ತದೆ.

ದೊಡ್ಡ ಬೆಲೆ ಕೇಳುವುದು ಬೆಟ್ಟ. ಹಿಮ ಸಾಮಾನ್ಯವಾಗಿ ಕುಸಿಯುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹಳೆಯ ಗಾಡಿಗಳು ಅಂಥ ಇಳಿಜಾರಿನ ಆಳದ ಹಿಮದಲ್ಲಿ ನಡುದಾರಿಯಲ್ಲೇ ಹೂತು ನಿಲ್ಲುತ್ತಿದ್ದವು. ಆ ಸೋಲು ಎಷ್ಟೋ ಜನರನ್ನು ಕಾಯುತ್ತಿತ್ತು, ಅದನ್ನು ಕಾವಲೆಂದು ಯಾರೂ ಗುರುತಿಸಿರಲಿಲ್ಲ. ಉದ್ದ ಟ್ರ್ಯಾಕ್, ಎತ್ತರದ ಲಗ್ ಬಂದ ಮೇಲೆ ಆ ಕಾವಲು ಸಡಿಲಾಯಿತು. 2010ರ ಮಾರ್ಚ್ 13ರಂದು ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಬಳಿ ಬೆಟ್ಟ ಹತ್ತುವ ಮೋಜಿಗೆ ನೆರೆದಿದ್ದ ಸವಾರರ ಗುಂಪಿನ ಮೇಲೆ ಹಿಮ ಕುಸಿದು ಇಬ್ಬರು ಸತ್ತರು.

ತಂತ್ರವನ್ನೇ ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಬೊಂಬಾರ್ಡಿಯೆ 1959ರಲ್ಲಿ ಸ್ಕಿ-ಡೂ ಎಂಬ ಸ್ನೋಮೊಬೈಲ್ ತಂದಾಗ ಮೊದಲ ಗಾಡಿಗಳಲ್ಲೊಂದು ಸೇರಿದ್ದು ಉತ್ತರ ಒಂಟಾರಿಯೋದ ದುರ್ಗಮ ಹಳ್ಳಿಯಲ್ಲಿದ್ದ ಕ್ಯಾಥೊಲಿಕ್ ಪಾದ್ರಿ ಮೊರಿಸ್ ವಿಮೆ ಅವರ ಕೈಗೆ. ಅಲ್ಲಿ ವೇಗಕ್ಕೆ ಅರ್ಥವಿತ್ತು. ದಾರಿಯ ಆಚೆ ತುದಿಯಲ್ಲಿ ಯಾರೋ ಕಾಯುತ್ತಿದ್ದರು. ಫಿನ್‌ಲೆಂಡಿನ ಸ್ಕೋಲ್ಟ್ ಸಾಮಿ ಜನರ ಅನುಭವ ಇಷ್ಟು ಸರಳವಲ್ಲ. 1960ರ ದಶಕದಲ್ಲಿ ಸ್ನೋಮೊಬೈಲ್ ಬಂದು ಹಿಮಸಾರಂಗ ಕಾಯುವ ಕೆಲಸ ಚುರುಕಾಯಿತು. ಜೊತೆಗೇ ಪೆಟ್ರೋಲು, ರಿಪೇರಿ, ಸಾಲವೂ ಬಂದು ಹಲವು ಬಡ ಕುಟುಂಬಗಳು ಆ ಕಸುಬನ್ನೇ ಬಿಟ್ಟವು. ಮಾನವಶಾಸ್ತ್ರಜ್ಞ ಪರ್ಟಿ ಪೆಲ್ಟೊ 1973ರ ತಮ್ಮ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ. ಒಬ್ಬನ ಅಡ್ಡಿ ಕಳೆದದ್ದು ಇನ್ನೊಬ್ಬನ ಅನ್ನಕ್ಕೆ ಅಡ್ಡಿಯಾಗಿತ್ತು.

ಹಾಗಾಗಿ ಎಷ್ಟು ಇಂಚು ಸಾಕು ಎಂಬುದು ರಬ್ಬರಿನ ಲೆಕ್ಕವಷ್ಟೇ ಅಲ್ಲ, ಧರ್ಮದ ಲೆಕ್ಕವೂ ಹೌದು. ಕೆನಡಾದ ಬೆಟ್ಟಗಳಲ್ಲಿ ಆ ಲೆಕ್ಕವನ್ನು ಗಂಭೀರವಾಗಿ ಹಾಕುವವರಿದ್ದಾರೆ. ಮೂರಿಂಚಿನ ಟ್ರ್ಯಾಕಿಗೆ ಹಣ ಸುರಿದವರೇ ಬೆನ್ನಿಗೆ ಸಲಿಕೆ, ಎದೆಗೆ ಹಿಮದಡಿ ಹೂತವರನ್ನು ಹುಡುಕಲು ನೆರವಾಗುವ ಸಂಕೇತಯಂತ್ರ ಕಟ್ಟಿಕೊಂಡು, ಬೆಳಿಗ್ಗೆ ಹಿಮಕುಸಿತದ ಮುನ್ಸೂಚನೆ ಓದುತ್ತಾರೆ. ಅಪಾಯ ಹೆಚ್ಚೆಂದು ಕಂಡರೆ ಗಾಡಿಗೆ ತಾಕತ್ತಿದ್ದರೂ ಕಡಿದಾದ ಇಳಿಜಾರನ್ನು ಬಿಟ್ಟು ಕಾಡಿನ ಸಮತಟ್ಟು ದಾರಿ ಹಿಡಿಯುತ್ತಾರೆ.