ಅಟ್ಟದ ಮೇಲಿನ ಡಬ್ಬಿ

ರಾಜಾಜಿನಗರದ ನಮ್ಮ ತೌರುಮನೆಯನ್ನು ಖಾಲಿ ಮಾಡುವಾಗ ಅಟ್ಟದ ಮೇಲೆ ತುಕ್ಕು ಹಿಡಿದ ದುಂಡನೆಯ ತಗಡಿನ ಡಬ್ಬಿಯೊಂದು ಸಿಕ್ಕಿತು. ಮೂಕಿ ಚಿತ್ರಗಳ ಕಾಲದಿಂದಲೂ ಟೂರಿಂಗ್ ಸಿನಿಮಾದಲ್ಲಿ ಆಪರೇಟರಾಗಿದ್ದ, ಅಮ್ಮನ ತಂದೆಯದು. ಮುಚ್ಚಳ ತೆಗೆದರೆ ಕಂದುಗಟ್ಟಿ, ಬೆಲ್ಲದ ಪಾಕದಂತೆ ಒಂದಕ್ಕೊಂದು ಅಂಟಿಕೊಂಡ ಫಿಲ್ಮಿನ ಸುರುಳಿ. ಮೂಗಿಗೆ ಬಡಿಯುವ ಘಾಟು. "ಕಸ ಅಕ್ಕ, ಎಸಿ" ಎಂದ ತಮ್ಮ. ಹಳೇ ಪೇಪರಿನವನು ತಗಡಿಗೆ ದುಡ್ಡು ಕೊಟ್ಟ, ಒಳಗಿದ್ದುದನ್ನು ಕಸದ ತೊಟ್ಟಿಗೆ ಸುರಿದ.

ಆಮೇಲೆ ಎಲ್ಲೋ 'ವಸಂತಸೇನಾ' ಕುರಿತು ಓದಿದೆ. ಮೃಚ್ಛಕಟಿಕದ ಕಥೆ, 1930ರ ಸುಮಾರಿಗೆ ಮೋಹನ ಭವನಾನಿ ತೆಗೆದ ಮೂಕಿ ಚಿತ್ರ. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ನಮ್ಮ ಕೈಲಾಸಂ ಅದರಲ್ಲಿದ್ದರು. ಕೈಲಾಸಂ ಪರದೆಯ ಮೇಲೆ ಹೇಗೆ ನಡೆಯುತ್ತಿದ್ದರೋ, ನೋಡೋಣವೆಂದರೆ ಚಿತ್ರವೇ ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ'ಕ್ಕೂ ಅದೇ ಗತಿ. ಆ ಕಾಲದ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಧಗ್ಗೆನ್ನುವಂಥದು. ಉಳಿದದ್ದನ್ನು ಅದರೊಳಗಿನ ಬೆಳ್ಳಿಗಾಗಿ ಕರಗಿಸಿದರು. ದೇಶದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಿ ಚಿತ್ರಗಳಲ್ಲಿ ದಕ್ಕಿದ್ದು ತೀರಾ ಕೆಲವೇ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಸಂಗ್ರಹಾಲಯ ಶುರುವಾಗುವ ಹೊತ್ತಿಗೆ ಬಹುಪಾಲು ಹೋಗಿಯೇ ಬಿಟ್ಟಿತ್ತು. ಅಲ್ಲಿ ದುಡಿದ ಪಿ.ಕೆ. ನಾಯರ್ ಅವರದು, ಒಳ್ಳೆಯದು ಕೆಟ್ಟದ್ದು ಎಂದು ಆರಿಸದೆ ಎಲ್ಲವನ್ನೂ ಉಳಿಸಬೇಕೆಂಬ ಹಟ.

ಎಲ್ಲವನ್ನೂ? ವರ್ಷ ವರ್ಷವೂ ಹಳೆಯ ಉತ್ತರಪತ್ರಿಕೆಗಳನ್ನು ಸುಡಿಸುವ ಮೇಷ್ಟರ ಜಾತಿ ನಮ್ಮದು. ನನಗೆ ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಅಪರೂಪವಾದ ಮಾತ್ರಕ್ಕೆ ಅಮೂಲ್ಯವೇ? ಎಷ್ಟೋ ಚಿತ್ರಗಳು ಅಂದೇ ಜನಕ್ಕೆ ಬೇಸರ ತರಿಸಿದ್ದಾವು. ಕಪಾಟಿಗೆ ಬೀಗ ಜಡಿದು, 'ನನ್ನಲ್ಲಿ ಮಾತ್ರ ಇದೆ' ಎಂದು ಬೀಗುವ ಸಂಗ್ರಾಹಕನಿಗೂ ಹಳೇ ಪೇಪರಿನವನಿಗೂ ನೋಡುವವರ ಪಾಲಿಗೆ ಏನು ವ್ಯತ್ಯಾಸ? ಆದರೆ ನಾನು ಮಾಡಿದ್ದು ಇವೆರಡೂ ಅಲ್ಲ. ಬೇಡವೆಂದು ತೀರ್ಮಾನಿಸಿ ಎಸೆದಿದ್ದರೆ ಅದೊಂದು ತೀರ್ಮಾನವಾಗುತ್ತಿತ್ತು. ನಾನು ನೋಡದೆಯೇ ಎಸೆದೆ.

ಬಸವೇಶ್ವರನಗರದ ತಮ್ಮನ ಮನೆಯಲ್ಲಿರುವ ಅಮ್ಮ ಮೊನ್ನೆ ಕೇಳಿದಳು: "ತಾತನ ಡಬ್ಬಿ ಎಲ್ಲಿಟ್ಟೆಯೇ?"

"ಜೋಪಾನವಾಗಿದೆಯಮ್ಮ" ಎಂದೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸುವ ಬಾಯಿ. "ಅದರಲ್ಲಿ ಏನಿತ್ತು?"

"ಯಾವಾಗಲಾದರೂ ತೋರಿಸ್ತೀನಿ ಅಂತಿದ್ರು ಅಪ್ಪ. ತೋರಿಸಲೇ ಇಲ್ಲ. ನೀನಾದರೂ ನೋಡಿದೆಯಾ?"