ಅಗ್ಗದ ಅನ್ನದ ಭಾರ ಯಾರಿಗೆ?

ಉಣ್ಣುವವನಿಗೆ ಅನ್ನ ಅಗ್ಗವಾಗಿ ದೊರೆಯಬೇಕು. ಬೆಳೆಯುವವನಿಗೆ ಬೆವರಿಗೆ ತಕ್ಕ ಬೆಲೆ ಸಿಗಬೇಕು. ಈ ಎರಡರಲ್ಲಿ ಯಾವುದನ್ನೂ ತಪ್ಪೆನ್ನುವಂತಿಲ್ಲ. ಆದರೆ ಇವು ಒಂದೇ ತಕ್ಕಡಿಯ ಎರಡು ತಟ್ಟೆಗಳು. ನಡುವಿನ ಅಂತರವನ್ನು ತುಂಬಬೇಕಾದವರು ಯಾರು? ಮೇಲ್ನೋಟಕ್ಕೆ ಇದು ಅರ್ಥಶಾಸ್ತ್ರದ ಪ್ರಶ್ನೆ. ಮೂಲದಲ್ಲಿ ಧರ್ಮದ ಪ್ರಶ್ನೆ.

ನಮ್ಮ ದೇಶ ಇದಕ್ಕೆ ಎರಡು ಬಗೆಯಲ್ಲಿ ಉತ್ತರ ಕೊಟ್ಟಿದೆ.

ಮೊದಲನೆಯದು ಧಾನ್ಯದ ವಿಷಯದಲ್ಲಿ. 2013ರ ಆಹಾರ ಭದ್ರತಾ ಕಾಯಿದೆ ಅರ್ಹ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕು ಕೊಟ್ಟಿತು. ಅಕ್ಕಿಗೆ 3 ರೂಪಾಯಿ, ಗೋಧಿಗೆ 2, ರಾಗಿ ಜೋಳಗಳಿಗೆ 1 ಎಂದಿದ್ದ ದರ 2023ರ ಜನವರಿಯಿಂದ ಪೂರ್ತಿ ರದ್ದಾಯಿತು. ಇತ್ತ 2013-14ರಲ್ಲಿ ಕ್ವಿಂಟಲಿಗೆ 1,500 ರೂಪಾಯಿ ಇದ್ದ ರಾಗಿಯ ಬೆಂಬಲ ಬೆಲೆ 2025-26ಕ್ಕೆ 4,886 ಆಯಿತು. ರೈತನಿಗೆ ಕಿಲೋಗೆ ಹತ್ತಿರ ಹತ್ತಿರ 49 ರೂಪಾಯಿ. ಪಡಿತರದ ಚೀಲ ಹಿಡಿದ ತಾಯಿಗೆ ಉಚಿತ. ನಡುವಿನ ಹಣ ಬೊಕ್ಕಸದ್ದು, ಅಂದರೆ ನಮ್ಮೆಲ್ಲರದು. ಕರ್ನಾಟಕದ ದಕ್ಷಿಣ ಜಿಲ್ಲೆಗಳಲ್ಲಿ ಹೀಗೆ ಕೊಂಡ ರಾಗಿಯೇ ಪಡಿತರಕ್ಕೂ ಹೋಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿದೆ. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟನೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕೊಳ್ಳುವಿಕೆ ಎಲ್ಲ ರೈತರನ್ನೂ ಮುಟ್ಟದಿರಬಹುದು. ಆದರೂ ದಾರಿ ನ್ಯಾಯವಾದದ್ದು.

ಎರಡನೆಯದು ಈರುಳ್ಳಿಯ ವಿಷಯದಲ್ಲಿ. ಅದಕ್ಕೆ ಬೆಂಬಲ ಬೆಲೆಯೇ ಇಲ್ಲ. 2023ರ ಆಗಸ್ಟಿನಲ್ಲಿ ರಫ್ತಿಗೆ ಶೇ. 40 ಸುಂಕ ಬಿತ್ತು; ಡಿಸೆಂಬರಿನಲ್ಲಿ ರಫ್ತೇ ನಿಂತಿತು; ನಿಷೇಧ ತೆರವಾದದ್ದು 2024ರ ಮೇ ತಿಂಗಳಲ್ಲಿ. ಪೇಟೆಯ ಗೃಹಿಣಿ ನಿಟ್ಟುಸಿರು ಬಿಟ್ಟಳು. ನಾಸಿಕದ ಲಾಸಲಗಾಂವ್ ಮಾರುಕಟ್ಟೆಯಲ್ಲಿ ಬೆಲೆ ಕುಸಿದು ರೈತ ಬೀದಿಗಿಳಿದ. ಇಲ್ಲಿ ಅಂತರ ತುಂಬಿದ್ದು ಬೊಕ್ಕಸವಲ್ಲ, ಬೆಳೆದವನ ಜೇಬು.

ಬಡವನ ಸಾರಿಗೂ ಈರುಳ್ಳಿ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಆದರೆ ಬೆಲೆ ಇಳಿಸಿದಾಗ ಬಡವನಿಗೆ ಉಳಿದಷ್ಟೇ ಹಣ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಉಳ್ಳವನಿಗೂ ಉಳಿಯುತ್ತದೆ. ಹೆಚ್ಚು ಕೊಳ್ಳುವವನು ಅವನೇ ತಾನೆ? ಎರಡೆಕರೆಯ ರೈತ ಸಂಬಳದಾರನಿಗೆ ದಾನ ಕೊಟ್ಟಂತಾಯಿತು. ಬಡವನಿಗೆ ನೆರವಾಗುವ ಪುಣ್ಯ ನಮ್ಮದು, ಖರ್ಚು ಇನ್ನೊಬ್ಬ ಬಡವನದು ಎಂದರೆ ಅದು ದಯೆಯಲ್ಲ.

ಹೊರನಾಡಿಗೆ ಬಂದು ನೆಲೆಸಿದ ನಮ್ಮಲ್ಲಿ ಬೆಲೆ ಏರಿದರೆ ತುಟ್ಟಿಭತ್ಯೆ ಏರುವ ನೌಕರರು ಅನೇಕರಿದ್ದಾರೆ. ಊರಲ್ಲಿ ಹೊಲ ನೋಡಿಕೊಂಡಿರುವ ಅಣ್ಣನಿಗೆ ಯಾವ ಭತ್ಯೆಯೂ ಇಲ್ಲ. ನಮ್ಮಲ್ಲೇ ಹೋಟೆಲು, ಕಟ್ಟಡಗಳಲ್ಲಿ ದುಡಿಯುವ ಬಂಧುಗಳೂ ಇದ್ದಾರೆ. 2022ರ ವೇಳೆಗೆ ಎಲ್ಲ ರಾಜ್ಯಗಳನ್ನೂ ಸೇರಿಸಿಕೊಂಡ ‘ಒಂದು ದೇಶ, ಒಂದು ಪಡಿತರ ಚೀಟಿ’ಯ ಏರ್ಪಾಡಿನಲ್ಲಿ ಊರಿನ ಚೀಟಿ ತೋರಿಸಿ ಇಲ್ಲಿಯೂ ಧಾನ್ಯ ಪಡೆಯಬಹುದು. ತಿಳಿಯದವರಿಗೆ ತಿಳಿಸುವುದು ನಮ್ಮ ಕೆಲಸ. ರಕ್ಷಣೆ ಬೇಕಾದದ್ದು ಅವರಿಗೆ, ನಮಗಲ್ಲ.

ಈರುಳ್ಳಿ ಕಿಲೋಗೆ ಹತ್ತು ರೂಪಾಯಿ ಏರಿದ ದಿನ ಗೊಣಗುವ ಮುನ್ನ, ಅದು ಇಳಿದ ದಿನ ನಾವು ಯಾರ ಪರವಾಗಿ ಮಾತಾಡಿದೆವು ಎಂದು ಕೇಳಿಕೊಳ್ಳೋಣ. ಕೊಡಬಲ್ಲವರು ತಕ್ಕ ಬೆಲೆ ಕೊಟ್ಟರೆ ಅದು ಉಪಕಾರವಲ್ಲ, ಉಂಡ ಅನ್ನದ ಲೆಕ್ಕ ಚುಕ್ತಾ ಮಾಡಿದಂತೆ, ಅಷ್ಟೆ.