ಮೀನಿನ ಶ್ರಮವೂ ಮಾನವನ ಜಿಜ್ಞಾಸೆಯೂ

ಅಧಿಕಾರಿಗಳು ರಾಜಧನವನ್ನು ಗುಟ್ಟಾಗಿ ಕಬಳಿಸುವ ಬಗೆಯನ್ನು ತಿಳಿಸುವಾಗ ಕೌಟಿಲ್ಯನು ನೀರೊಳಗಣ ಮೀನಿನ ದೃಷ್ಟಾಂತವನ್ನು ತಂದಿರುವನಷ್ಟೆ. ನೀರಿನಲ್ಲಿ ಮೀನು ಏನು ಮಾಡುತ್ತಿದೆಯೆಂಬುದು ದಡದಲ್ಲಿ ನಿಂತವನಿಗೆ ತಿಳಿಯದು ಎಂಬುದೇ ಆ ದೃಷ್ಟಾಂತದ ಬಲ. ಈಗ ಆ ಬಲವು ಕುಗ್ಗಿದೆ. ಮೀನಿನ ಮೈಯೊಳಗೆ ಪುಟ್ಟದೊಂದು ರೇಡಿಯೋ ಯಂತ್ರವನ್ನಿರಿಸಿ, ಅದು ಈಜುವಾಗ ಪಡುವ ಶ್ರಮವನ್ನು ದಡದಲ್ಲಿ ಕುಳಿತೇ ಅಳೆಯುವ ವಿದ್ಯೆ ಬಂದಿದೆ. ಮೂಕಪ್ರಾಣಿಯ ಮೈಯನ್ನು ಸೀಳಿ ಪಡೆದ ಈ ಅರಿವು ಧರ್ಮಸಮ್ಮತವೇ ಎಂಬುದು ವಿಚಾರಣೀಯವಾಗಿದೆ.

ಕೆನಡಾ ದೇಶದ ಫ್ರೇಸರ್ ನದಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸಾಕೈ ಎಂಬ ಜಾತಿಯ ಸಾಮನ್ ಮೀನು ಸಿಹಿನೀರಿನಲ್ಲಿ ಹುಟ್ಟಿ, ಸಾಗರದಲ್ಲಿ ಬೆಳೆದು, ಸಂತಾನಾರ್ಥವಾಗಿ ಮತ್ತೆ ಹುಟ್ಟಿದ ನದಿಯನ್ನೇ ಏರುತ್ತದೆ. ನದಿಯನ್ನು ಹೊಕ್ಕಮೇಲೆ ಅದು ಆಹಾರವನ್ನು ಮುಟ್ಟದು. ಮೈಯಲ್ಲಿ ಕೂಡಿಟ್ಟ ಕೊಬ್ಬೇ ದಾರಿಯ ಬುತ್ತಿ. ಮೊಟ್ಟೆಯಿಟ್ಟ ಬಳಿಕ ಗಂಡೂ ಹೆಣ್ಣೂ ಸಾಯುತ್ತವೆ. ಈ ದಾರಿಯಲ್ಲಿ ನದಿಯು ಸುಮಾರು 35 ಮೀಟರು ಅಗಲಕ್ಕೆ ಕಿರಿದಾಗಿ ಭೋರ್ಗರೆಯುವ ಕಮರಿಯೊಂದುಂಟು. ಅದರ ಇಂಗ್ಲಿಷ್ ಹೆಸರಿಗೆ ನರಕದ್ವಾರವೆಂದೇ ಅರ್ಥ. 1914ರಲ್ಲಿ ರೈಲುದಾರಿಯ ಕೆಲಸದಿಂದ ಅಲ್ಲಿ ಬಂಡೆಗಳು ಕುಸಿದು, ಪ್ರವಾಹವು ಇನ್ನೂ ಉಗ್ರವಾಗಿ, ಅಸಂಖ್ಯ ಮೀನುಗಳು ಮೇಲೇರಲಾರದೆ ಹೋದುವು. 1940ರ ದಶಕದಲ್ಲಿ ಮೀನುಗಳಿಗೆಂದೇ ಕಾಂಕ್ರೀಟಿನ ದಾರಿಗಳನ್ನು ಕಟ್ಟಿದರು. ಮನುಷ್ಯನು ಮುಚ್ಚಿದ ಬಾಗಿಲನ್ನು ಮನುಷ್ಯನೇ ತೆರೆಯಬೇಕಾಯಿತು.

ಆದರೂ ಆ ಏರು ಸುಲಭವಾಗಲಿಲ್ಲ. 1990ರ ದಶಕದಲ್ಲಿ ಸ್ಕಾಟ್ ಹಿಂಚ್ ಮೊದಲಾದ ವಿಜ್ಞಾನಿಗಳು ಕೆಲವು ಮೀನುಗಳಿಗೆ ಮತ್ತು ಬರಿಸಿ, ಹೊಟ್ಟೆಯಲ್ಲಿ ಯಂತ್ರವನ್ನಿರಿಸಿ ಹೊಲಿದು, ಅದರ ಸೂಕ್ಷ್ಮ ತಂತಿಗಳ ತುದಿಯನ್ನು ಪಕ್ಕೆಯ ಕೆಂಪು ಸ್ನಾಯುವಿನಲ್ಲಿ ನೆಟ್ಟರು. ಸ್ನಾಯು ಸಂಕುಚಿತವಾದಾಗಲೆಲ್ಲ ಅದರಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಯಂತ್ರವು ಅದನ್ನು ಎಣಿಸಿ ಸಂಕೇತವನ್ನು ಕಳುಹುತ್ತದೆ. ಶ್ರಮವು ಹೆಚ್ಚಿದಷ್ಟೂ ಸಂಕೇತಗಳು ಬೇಗಬೇಗನೆ ಬರುವುವು. ಹೀಗೆ ತಿಳಿದುಬಂದುದು ಸಾಮಾನ್ಯವಲ್ಲ. ಕಮರಿಯನ್ನು ದಾಟಿದ ಮೀನುಗಳು ಶಕ್ತಿಯನ್ನು ಮಿತವಾಗಿ ವ್ಯಯಿಸಿದ್ದುವು. ದಾಟಲಾರದವು ತಮ್ಮ ಅಳವನ್ನು ಮೀರಿ ಬಹುಹೊತ್ತು ಹೋರಾಡಿ ಸೋತಿದ್ದುವು. ಮೀನುದಾರಿಯನ್ನು ಕಟ್ಟುವವನಿಗೆ ಇದು ಬೇಕಾದ ಅರಿವೇ ಅಹುದು.

ಇದನ್ನು ಲೋಕಹಿತಾರ್ಥವಾದ ತ್ಯಾಗವೆಂದು ಕರೆಯುವವರಿದ್ದಾರೆ. ದಧೀಚಿಯು ತನ್ನ ಬೆನ್ನೆಲುಬನ್ನು ಕೊಟ್ಟನು, ಶಿಬಿಯು ತನ್ನ ತೊಡೆಯ ಮಾಂಸವನ್ನು ಕೊಟ್ಟನು. ಇಬ್ಬರೂ ಕೊಟ್ಟುದು ತಮ್ಮದನ್ನು. ಮೀನು ಏನನ್ನೂ ಕೊಡಲಿಲ್ಲ, ಅದರಿಂದ ತೆಗೆದುಕೊಳ್ಳಲಾಯಿತು. ಮುಂದಿನ ಪೀಳಿಗೆಯ ಮೀನುಗಳಿಗೆ ಒಳಿತಾದರೂ ಸೀಳಿಸಿಕೊಂಡ ಮೀನಿಗೆ ಅದರಲ್ಲಿ ಭಾಗವಿಲ್ಲ. ಹೇಗಿದ್ದರೂ ಸಾಯುವ ಮೀನಲ್ಲವೇ ಎಂಬ ಮಾತಂತೂ ಕ್ರೂರವಾದುದು: ಅದರ ಇಡೀ ಬಾಳಿನ ಪ್ರಯೋಜನವು ಆ ಕೆಲವು ವಾರಗಳಲ್ಲಿಯೇ ನಿಂತಿರುವುದು. ಲಕ್ಷಗಟ್ಟಲೆ ಮೀನುಗಳು ಬಲೆಗೆ ಬೀಳುತ್ತಿರಲು ಕೆಲವಕ್ಕೆ ಇಷ್ಟು ಮರುಕವೇಕೆ ಎಂಬುದು ಮತ್ಸ್ಯನ್ಯಾಯವೇ ಹೊರತು ನ್ಯಾಯವಲ್ಲ.

ಮೀನಿಗೆ ನೋವೇ ಇಲ್ಲವೆಂಬ ಸಮಾಧಾನವೂ ಈಗ ಸುಲಭವಲ್ಲ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮೊದಲಾದವರು ಟ್ರೌಟ್ ಮೀನಿನ ತುಟಿಗೆ ಆಮ್ಲವನ್ನು ಚುಚ್ಚಿದಾಗ, ಅದು ತುಟಿಯನ್ನು ತೊಟ್ಟಿಯ ತಳದ ಕಲ್ಲುಗಳಿಗೆ ಉಜ್ಜಿತು. ಮಾರ್ಫೀನು ಕೊಟ್ಟಾಗ ಅಂತಹ ನಡವಳಿಕೆ ತಗ್ಗಿತು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ನೈಯಾಯಿಕನು ಇಲ್ಲಿ ನೋವನ್ನು ಊಹಿಸದೆ ಇರಲಾರನು. (ನೋವಿಲ್ಲವೆಂದು ಸಾಧಿಸುವುದಕ್ಕೂ ಒಂದು ಮೀನನ್ನು ನೋಯಿಸಬೇಕಾಗುವುದು ವಿಚಿತ್ರವೇ ಸರಿ.)

ಈ ವಿದ್ಯೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಾಯದಿಂದ ನರಳುವ ಮೀನು ಆರೋಗ್ಯವಂತ ಮೀನಿನಂತೆ ಈಜದು. ಅದರ ಶ್ರಮದ ಲೆಕ್ಕದಲ್ಲಿ ಅಳೆಯುವವನ ಕತ್ತಿಯ ಪಾಲೂ ಸೇರಿಹೋಗುತ್ತದೆ. ಆದುದರಿಂದಲೇ ಯಂತ್ರವು ಹಗುರವಾಗಿರಬೇಕು, ಹೊಲಿಗೆ ಶುದ್ಧವಾಗಿರಬೇಕು, ಮೀನು ಚೇತರಿಸಿಕೊಂಡ ಮೇಲೆಯೇ ನದಿಗೆ ಬಿಡಬೇಕು ಎಂಬ ಎಚ್ಚರಿಕೆ. ಇಲ್ಲಿ ಸತ್ಯವೂ ದಯೆಯೂ ಒಂದೇ ದಾರಿಯಲ್ಲಿ ನಡೆಯುವುವು. ಆದರೆ ಲೆಕ್ಕವು ಕೆಡದಿರಲೆಂದು ತೋರಿದ ಮೃದುತ್ವವು ಇನ್ನೂ ದಯೆಯಾಗಿಲ್ಲ. ಎರಡರ ದಾರಿ ಅಗಲಿದಾಗ ಅದರ ಪರೀಕ್ಷೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲಿಷ್ ವಿದ್ವಾಂಸರು, ಪ್ರಾಣಿಯಿಲ್ಲದೆ ಸಾಗುವುದಾದರೆ ಪ್ರಾಣಿಯನ್ನು ಬಿಡಿರಿ, ಸಾಗದಿದ್ದರೆ ಸಂಖ್ಯೆಯನ್ನು ತಗ್ಗಿಸಿರಿ, ನೋವನ್ನು ಕಡಮೆಮಾಡಿರಿ ಎಂದು ವಿಧಿಸಿದರು. ತಿಳಿನೀರಿನಲ್ಲಿ ಬಾಲದ ಬಡಿತವನ್ನು ಕ್ಯಾಮರಾ ಎಣಿಸಬಲ್ಲುದು. ಅಲ್ಲಿ ಕತ್ತಿಗೆ ಕೆಲಸವಿಲ್ಲ. ಕದಡಿದ ನೀರಿನ ಕಮರಿಯಲ್ಲಿ ಬೇರೆ ಉಪಾಯವಿಲ್ಲದಿದ್ದರೆ ಕೆಲವೇ ಮೀನುಗಳನ್ನು ಸೀಳುವುದನ್ನು ಸಹಿಸಬಹುದು. ಹಾಗೆ ಸೀಳುವವನು, ಮೊದಲು ಸೀಳಿದ ಮೀನುಗಳ ಲೆಕ್ಕವು ನದಿಯಲ್ಲಿ ಯಾವ ದಾರಿಯನ್ನು ತೆರೆಯಿತೆಂಬುದನ್ನು ತೋರಿಸಿ, ಆಮೇಲೆ ಮುಂದಿನ ಮೀನಿಗೆ ಕೈಚಾಚತಕ್ಕುದು.